ಚಿಂಚವಾಡಿ ಪೂಲಿನ ಆರು ಬೋಲ್ಟು

ನಾನು ಜಾಗ ಗುರುತಿಸಿ ಕಟ್ಟಿಸಿದ ಮೊದಲ ಮೋರಿಯ ಕೆಳಗೆ ಹನ್ನೊಂದು ವರ್ಷ ನೀರು ಹರಿಯಲಿಲ್ಲ. ನೀರು ಅದರಿಂದ ನಲವತ್ತು ಹೆಜ್ಜೆ ಆಚೆ, ಮೊದಲಿನಿಂದಲೂ ತಾನು ದಾಟುತ್ತಿದ್ದ ಕಡೆಯೇ ರಸ್ತೆಯನ್ನು ದಾಟುತ್ತಿತ್ತು. ಕೊಡಂಬಲದ ಕಡೆಗೆ ಹೋಗುವ ಒಂದು ಹೊಲದ ದಾರಿ ಅದು. ನಾನು ಏಪ್ರಿಲಿನ ಬಿಸಿಲಿನಲ್ಲಿ ಹೋಗಿ, ಲೆವೆಲ್ ಯಂತ್ರ ನಿಲ್ಲಿಸಿ, ನಕಾಶೆ ಹರಡಿ, ಯಾರನ್ನೂ ಕೇಳದೆ ಜಾಗ ಗುರುತಿಸಿ ಬಂದಿದ್ದೆ. ಕೇಳಲು ಜನ ಇರಲಿಲ್ಲವೆಂದಲ್ಲ. ಬೇವಿನ ಮರದ ಕೆಳಗೆ ನಾಲ್ಕು ಮಂದಿ ಕುಳಿತು ನನ್ನನ್ನೇ ನೋಡುತ್ತಿದ್ದರು. ಮೋರಿ ಮುಗಿದ ಮೇಲೆ ಅವರಲ್ಲೊಬ್ಬ ಮುದುಕ ಬಂದು, ಪೈಪಿನೊಳಗೆ ಬಗ್ಗಿ ನೋಡಿ, "ಛಲೋ ಆಗ್ಯಾದ್ರಿ ಸಾಹೇಬ್ರ. ಬಿಸಿಲಿಗಿ ಆಡು ಕೂಡಾಕ ಇಲ್ಲಿ ನೆಳ್ಳ ಇದ್ದಿಲ್ಲ ನೋಡ್ರಿ," ಅಂದ. ನಾನು ಸಂತೋಷದಿಂದ ತಲೆಯಾಡಿಸಿದೆ. ಅವನು ಗೇಲಿ ಮಾಡಿದ್ದೆಂದು ನನಗೆ ತಿಳಿದದ್ದು ಜುಲೈ ತಿಂಗಳಲ್ಲಿ.

ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಇದನ್ನು ಓದುವುದಾದರೆ, ಬುದ್ಧಿ ಹೇಳಲು ಕುಳಿತವನು ಎಂಥವನೆಂದು ಅವರಿಗೆ ಗೊತ್ತಿರಬೇಕು. ನಾನು ಮೂವತ್ತೆರಡು ವರ್ಷ ಹಳ್ಳಿ ರಸ್ತೆ, ಮೋರಿ, ಸಣ್ಣ ಸೇತುವೆಗಳ ಕೆಲಸ ನೋಡಿಕೊಂಡ ಎಂಜಿನಿಯರು. ಕಚೇರಿ ಹುಮನಾಬಾದಿನಲ್ಲಿ, ಮನೆ ಬಸವಕಲ್ಯಾಣದಲ್ಲಿ. ನಡುವಿನ ಬಸ್ಸಿನಲ್ಲಿ ಕಳೆದ ಹೊತ್ತನ್ನು ಕೂಡಿಸಿದರೆ ಇನ್ನೊಂದು ನೌಕರಿ ಮಾಡಬಹುದಿತ್ತು. ಬಡ್ತಿ ಎರಡು ಸಲ ಬಂತು. ಎರಡು ಸಲವೂ ಕುರ್ಚಿ ಬದಲಾಯಿತು, ಮೇಜು ಹಳೆಯದೇ ಇತ್ತು, ಅದರಲ್ಲಿ ಹೇಳುವಂಥದ್ದಿಲ್ಲ.

ಕೆಲಸದ ರೀತಿ ಮಾತ್ರ ಬಹಳ ಬದಲಾಯಿತು. ನಾನು ಸೇರಿದಾಗ ಮೂರು ಕಾಲಿನ ಯಂತ್ರವನ್ನು ಹೆಗಲ ಮೇಲೆ ಹೊತ್ತುಕೊಂಡು ಹೊಲ ತಿರುಗುತ್ತಿದ್ದೆವು. ಈಗ ಮೊಬೈಲಿನಲ್ಲಿ ಫೋಟೋ ತೆಗೆದರೆ ಅಕ್ಷಾಂಶ, ರೇಖಾಂಶ, ವೇಳೆ ಎಲ್ಲ ಅದರ ಮೇಲೆ ತಾನಾಗಿ ಮೂಡುತ್ತದೆ. ಬಹಳ ಒಳ್ಳೆಯ ಅನುಕೂಲ. ತಪ್ಪು ಜಾಗದಲ್ಲಿ ನಿಂತಿದ್ದರೆ ಆ ತಪ್ಪು ಜಾಗವನ್ನೇ ಅದು ಅತ್ಯಂತ ನಿಖರವಾಗಿ ತೋರಿಸುತ್ತದೆ. ನನ್ನ ಬಳಿ ಅಂಥದೊಂದು ಫೋಟೋ ಇದೆ. ಆ ಫೋಟೋದ ಕಥೆಯನ್ನೇ ಹೇಳಬೇಕಾಗಿದೆ. ಅದನ್ನು ತೆಗೆದ ನಂತರದ ಎರಡು ನಿಮಿಷದಲ್ಲಿ ನಾನು ಸಾಯಬೇಕಾಗಿತ್ತು. ಹಾಗಾಗಿ ನಿಧಾನವಾಗಿ, ನೋಡಿದ್ದಷ್ಟನ್ನೇ ಬರೆಯುತ್ತೇನೆ.

ನಿವೃತ್ತಿಗೆ ನಾಲ್ಕು ವರ್ಷ ಇತ್ತು. ಬೇರೆಲ್ಲೋ ಊರವರೇ ಕಟ್ಟಿಕೊಂಡ ಕಾಲುಸೇತುವೆಯೊಂದು ಮುರಿದು ಜನ ಬಿದ್ದ ಸುದ್ದಿ ಬಂದು, ನಮ್ಮ ಕಡೆಯೂ ಅಂಥವನ್ನೆಲ್ಲ ಮಳೆಗಾಲಕ್ಕೆ ಮೊದಲು ನೋಡಿ ಪಟ್ಟಿ ಮಾಡಿ ಎಂದು ಆದೇಶವಾಯಿತು. ಪಟ್ಟಿಯ ಕೊನೆಯ ಕಾಲಮಿನಲ್ಲಿ ಎರಡರಲ್ಲಿ ಒಂದು ಮಾತು ಬರೆಯಬೇಕು: 'ಇಡಬಹುದು' ಅಥವಾ 'ತೆಗೆಯಬೇಕು'. ಮೂರನೆಯ ಮಾತಿಗೆ ಜಾಗವಿರಲಿಲ್ಲ. ಆಗಿನ ನಮ್ಮ ಮೇಲಿನ ಸಾಹೇಬರು ಯಾವ ಕಟ್ಟಡ ಕಂಡರೂ ಬೂಟಿನ ಹಿಮ್ಮಡಿಯಿಂದ ಮೂರು ಸಲ ಕುಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆ ಮಾತಾಡುವವರು. ಅವರು ನನ್ನನ್ನು ಕರೆದು, "ಚಿಂಚವಾಡಿದು ನೀನೇ ನೋಡಪ. ಎಲ್ಲೆಲ್ಲಿದೋ ಗುಜರಿ ಸಾಮಾನು ಹಾಕಿ ಮಾಡ್ಯಾರಂತ," ಅಂದರು.

ಮೋರಖಂಡಿ ದಾಟಿ ಒಳಗೆ ಹೋದರೆ ಒಂದು ನಾಲಾ, ನಾಲಾದ ಆಚೆ ಚಿಂಚವಾಡಿ, ಮೂವತ್ತೈದು ಮನೆ. ಬೇಸಿಗೆಯಲ್ಲಿ ಆ ನಾಲಾದಲ್ಲಿ ಕಲ್ಲು ಬಿಟ್ಟರೆ ಏನೂ ಇಲ್ಲ. ಮಳೆಗಾಲದಲ್ಲಿ ಒಂದು ತಾಸಿನಲ್ಲಿ ಆಳೆತ್ತರ ಬರುತ್ತದೆ. ಮೊದಲು ಜನ ನೀರಿನಲ್ಲಿ ಇಳಿದೇ ದಾಟುತ್ತಿದ್ದರು. ಹಾಗೆ ದಾಟುವಾಗ ಶಿವಮ್ಮ ಎಂಬ ಕುರಿಗಾರ ಹೆಂಗಸಿನ ಗಂಡ ಹೆಗಲ ಮೇಲಿನ ಕುರಿಮರಿಯ ಸಮೇತ ಕೊಚ್ಚಿಹೋದ. ಮೂರನೆಯ ದಿನ ಕೆಳಗಿನ ಊರಿನ ಕಬ್ಬಿನ ಹೊಲದಲ್ಲಿ ಸಿಕ್ಕ. ಅದಾದ ಬೇಸಿಗೆಯಲ್ಲೇ ಊರಿನ ಲೋಹಾರ, ಅಂದರೆ ಕಮ್ಮಾರ, ಮಸ್ತಾನ್ ಸಾಬ್ ಪೂಲು ಮಾಡಿದ. ಸೇತುವೆಗೆ ನಮ್ಮ ಕಡೆ ಪೂಲು ಎಂದೇ ಹೇಳುವುದು.

ನಾನು ಟೇಪು ಹಿಡಿದು ಅಳೆದೆ. ಮನ್ನಾಏಖೇಳ್ಳಿಯ ಹೆದ್ದಾರಿ ಬದಿಯ ಗುಜರಿಯಿಂದ ತಂದ ಎರಡು ಹಳೆಯ ಲಾರಿಗಳ ಚಾಸಿಗಳನ್ನು ಬೆಸೆದು ಇಪ್ಪತ್ತೆಂಟು ಅಡಿ ಮಾಡಿದ್ದ. ಮೇಲೆ ಜಾಲಿಮರದ ಹಲಗೆ. ಎರಡು ದಂಡೆಗೂ ಕೆಂಪು ಕಲ್ಲಿನ ಕಟ್ಟೆ. ಊರ ಕಡೆಯ ಕಟ್ಟೆಯಲ್ಲಿ ಲಾರಿಯ ಅಚ್ಚೊಂದನ್ನು ನೆಟ್ಟಗೆ ಹೂತು, ಪೂಲಿನ ಆ ತುದಿಗೆ ದಪ್ಪ ಬಳೆ ಹಾಕಿ ಆ ಅಚ್ಚಿಗೆ ಸಿಕ್ಕಿಸಿದ್ದ. ರಸ್ತೆ ಕಡೆಯ ತುದಿ ಮಾತ್ರ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿತ್ತು. ಯಾವುದಕ್ಕೂ ಬಿಗಿದಿರಲಿಲ್ಲ. ಹಲಗೆಯ ಕೆಳಗೆ, ಆ ಸಡಿಲ ತುದಿಯ ಹತ್ತಿರ, ಬಾಯಿ ಬೆಸೆದ ನಾಲ್ಕು ಖಾಲಿ ಡ್ರಮ್ಮು ಕಟ್ಟಿದ್ದ.

"ಇದರ ಡಿಸೈನ್ ಯಾರು ಮಾಡಿದ್ದು?" ಎಂದು ಮಸ್ತಾನನನ್ನು ಕೇಳಿದೆ.

"ಡಿಸೈನ್ ಎಲ್ಲಿದ್ರಿ ಸಾಹೇಬ್ರ. ಶಿವಮ್ಮಕ್ಕನ ಕುರಿಹಟ್ಟಿ ಗೇಟ್ ನೋಡಿ ಮಾಡೀನಿ."

ಇದು ಬಹಳ ಮುಖ್ಯವಾದ ಮಾತಾಗಿತ್ತು. ನಾನು ಬರೆದುಕೊಳ್ಳಲಿಲ್ಲ.

"ಈ ಕಡೀ ತುದಿ ಬಿಗದೇ ಇಲ್ಲಲ್ಲ?"

"ಬಿಗದಿಲ್ರಿ."

"ಯಾಕ?"

"ಅದು ಹಂಗೇ ಇರಬೇಕ್ರಿ."

"ಮತ್ತ ಈ ಡ್ರಮ್ ಯಾಕ?"

ಮಸ್ತಾನ್ ಸಾಬ್ ನಾಲಾದ ಕಡೆ ನೋಡುತ್ತ, "ಇರಲಿ ಅಂತ್ರಿ," ಅಂದ.

ಅವನು ಬಾಯಿ ಬಿಡದಿದ್ದಕ್ಕೆ ಕಾರಣವಿತ್ತು. ಅವು ಡಾಂಬರಿನ ಡ್ರಮ್ಮು. ಹಿಂದಿನ ವರ್ಷ ನಾವೇ ರಸ್ತೆ ಕೆಲಸ ಮಾಡಿ ದಂಡೆಯಲ್ಲಿ ಬಿಟ್ಟು ಹೋದವು. ಸರಕಾರದ ಡ್ರಮ್ಮಿನ ಬಗ್ಗೆ ಸರಕಾರದವನೇ ಕೇಳಿದರೆ ಯಾರು ತಾನೇ ಹೇಳುತ್ತಾರೆ. ನಾನು ವಹಿಯಲ್ಲಿ ಬರೆದೆ: 'ಡ್ರಮ್ಮು ನಾಲ್ಕು. ಉದ್ದೇಶ ಸ್ಪಷ್ಟವಿಲ್ಲ. ಬಹುಶಃ ಅಲಂಕಾರಕ್ಕೆ.' ಆ ವಹಿ ಈಗಲೂ ನನ್ನ ಹತ್ತಿರ ಇದೆ. ಡಾಂಬರು ಬಳಿದುಕೊಂಡ ಡ್ರಮ್ಮನ್ನು ಅಲಂಕಾರವೆಂದು ತಿಳಿದ ಎಂಜಿನಿಯರು ಈ ಭಾಗದಲ್ಲಿ ನಾನೊಬ್ಬನೇ ಇರಬೇಕು.

ಇನ್ನೆರಡು ವಸ್ತುಗಳಿದ್ದವು. ಕಟ್ಟೆಯ ಕಲ್ಲಿಗೆ ಅಡ್ಡಲಾಗಿ ಕೆಮ್ಮಣ್ಣಿನ ಬಣ್ಣದ ಒಂದು ಪಟ್ಟೆ. ಅದರ ಪಕ್ಕಕ್ಕೆ ಒರಗಿಸಿಟ್ಟ ಒಂದು ದೊಡ್ಡ ಜಾಲಿಮುಳ್ಳಿನ ಕೊಂಬೆ. ಅಲ್ಲಿ ಕುರಿ ಹೊಡೆದುಕೊಂಡು ಬಂದಿದ್ದ ಶಿವಮ್ಮನೇ ಅದನ್ನು ವಿವರಿಸಿದಳು. "ನೀರು ಆ ಪಟ್ಟೀಗಿ ಮುಟ್ಟಿದ್ರ ಎರಡೂ ಕಡೀ ಮುಳ್ಳು ಅಡ್ಡ ಹಾಕ್ತೀವ್ರಿ. ಮುಳ್ಳು ಇದ್ರ ಯಾರೂ ದಾಟಂಗಿಲ್ಲ. ನನ್ನ ಕುರೀನೂ ದಾಟಂಗಿಲ್ಲ. ತೆಗದ್ರ ದಾಟಬೇಕು ಅಂತ ಅವಕ್ಕ ಗೊತ್ತದ."

ಆಕೆಯ ಕೈಯಲ್ಲಿ ಮರದ ಕಾಯಿ ಉದುರಿಸುವ ಕೊಕ್ಕೆಯ ದೋಟಿ ಇತ್ತು. ಅದನ್ನು ನೆಲಕ್ಕೂರಿ ನನ್ನ ವಹಿಯ ಕಡೆ ನೋಡಿದಳು. "ಏನ್ ಬರದ್ರಿ ಸಾಹೇಬ್ರ?"

"ಇನ್ನೂ ಏನೂ ಬರದಿಲ್ಲವ್ವಾ."

"ಬರಿಯಾಕ ಬಂದೋರು ಬರೀದೇ ಹೋಗ್ತಾರೇನ್ರಿ. ತೆಗೀರಿ ಅಂತ ಬರಿಯೋದಿದ್ರ ಈಗಲೇ ಹೇಳ್ರಿ. ಕುರಿ ಮಾರಿಬಿಡ್ತೀನಿ. ಅವರು ಹ್ವಾದ ಜಾಗದಾಗ ನಾ ಮತ್ತ ಇಳಿಯಂಗಿಲ್ಲ."

ಆಕೆ ಅತ್ತು ಹೇಳಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ. ಆ ಕೊನೆಯ ಕಾಲಮಿನ ಒಂದು ಮಾತಿನ ಮೇಲೆ ಏನು ನಿಂತಿದೆಯೆಂದು ನನಗೆ ಆಗ ತಿಳಿಯಿತು. ಈ ಪೂಲು ಉಳಿಯಬೇಕು ಎಂದು ಅಲ್ಲೇ ತೀರ್ಮಾನಿಸಿದೆ. ತೀರ್ಮಾನ ಒಳ್ಳೆಯದೇ. ಉಳಿಸುವ ಕೆಲಸಕ್ಕೆ ನಾನು ಕೈಹಾಕಿದ್ದು ಮಾತ್ರ ಅಪಾಯ.

ಮೇಲಿನ ಸಾಹೇಬರಿಗೆ ಹೇಳಿದೆ: ಒಂದು ತುದಿ ಸಡಿಲ ಇದೆ, ಅದೊಂದೇ ದೋಷ, ಬಿಗಿದರೆ ಆಯಿತು. ಅವರು, "ಎರಡೂ ಕಡೀ ಮಜಬೂತ ಆದ್ರ ಇಡಬಹುದು ಅಂತ ಬರಿ," ಅಂದರು. ಹುಮನಾಬಾದಿನ ಅಂಗಡಿಯಲ್ಲಿ ನಾನೇ ಆರು ಬೋಲ್ಟು ಕೊಂಡೆ. ಒಂದೊಂದೂ ಮೊಳದುದ್ದ, ಹೆಬ್ಬೆರಳಿಗಿಂತ ದಪ್ಪ. ಅವನ್ನು ಚೀಲದಲ್ಲಿ ಹಾಕಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕುಳಿತಾಗ ಒಂದು ಊರನ್ನು ಕಾಪಾಡಲು ಹೊರಟವನ ಹೆಮ್ಮೆ ನನಗಿತ್ತು. ಇಳಿಯುವಾಗ ಪಕ್ಕದವನ ಕಾಲ ಮೇಲೆ ಚೀಲ ಬಿತ್ತು. ಅವನು ಆಡಿದ ಮಾತನ್ನು ಇಲ್ಲಿ ಬರೆಯಲಾಗದು.

ಮಸ್ತಾನ್ ಸಾಬ್ ಒಂದು ಬೋಲ್ಟನ್ನು ಅಂಗೈಯಲ್ಲಿ ತೂಗಿ ನೋಡಿದ. "ಮಾಲು ಜಬರದಸ್ತ ಅದ್ರಿ. ಖರೇ, ಇಲ್ಲಿ ಹಾಕಬ್ಯಾಡ್ರಿ ಸಾಹೇಬ್ರ. ನೀರು ಬಂದಾಗ ಗೇಟ್ ತೆರೀಬೇಕು. ಕೀಲಿ ಜಡದ್ರ ಅದು ಕಟ್ಟೆ ಕಿತ್ತಗೊಂಡು ಹೋಗ್ತದ."

ನಾನು ಮರಳಿನ ಮೇಲೆ ಕಡ್ಡಿಯಿಂದ ಚಿತ್ರ ಬರೆದು, ಒತ್ತಡ, ಭಾರ, ಎರಡು ತುದಿಯ ಆಧಾರ ಎಂದು ಇಪ್ಪತ್ತು ನಿಮಿಷ ಪಾಠ ಹೇಳಿದೆ. ಕೊನೆಗೆ, ಬೋಲ್ಟು ಹಾಕದಿದ್ದರೆ 'ತೆಗೆಯಬೇಕು' ಎಂದೇ ಬರೆಯಬೇಕಾಗುತ್ತದೆ ಎಂದೂ ಹೇಳಿದೆ. ಅವನು ಪೂರ್ತಿ ಕೇಳಿ, ನನ್ನ ಚಿತ್ರವನ್ನು ತುಳಿಯದೆ ಸುತ್ತು ಹಾಕಿ ಬಂದು, "ಹೌದ್ರಿ," ಅಂದ.

ಹದಿನೈದು ದಿನ ಬಿಟ್ಟು ತಪಾಸಣೆಗೆ ಹೋದೆ. ಆರು ಬೋಲ್ಟಿನ ತಲೆಗಳು ಸಾಲಾಗಿ ಬೆಳ್ಳಿ ಬಣ್ಣ ಬಳಿದುಕೊಂಡು ಹೊಳೆಯುತ್ತಿದ್ದವು. ಪ್ರತಿ ಬೋಲ್ಟನ್ನೂ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಬೇಕು. ನಾವು ಕಲಿತ ಕ್ರಮ ಅದು. ಸುತ್ತಿಗೆ ಕಚೇರಿಯಲ್ಲಿ ಮರೆತಿದ್ದೆ. ಜೇಬಿನಲ್ಲಿದ್ದ ಪೆನ್ನಿನಿಂದ ತಟ್ಟಿದೆ. 'ಟಪ್' ಅಂದಿತು. ಸದ್ದು ಮಂದವಾಗಿದೆ, ಬಣ್ಣ ಇನ್ನೂ ಒಣಗಿಲ್ಲ ಎಂದುಕೊಂಡೆ. ಕೊನೆಯ ಕಾಲಮಿನಲ್ಲಿ 'ಇಡಬಹುದು' ಎಂದು ಬರೆದು ಸಹಿ ಮಾಡಿದೆ. ಮಸ್ತಾನ್ ಸಾಬನ ಹೆಂಡತಿ ಚಹಾ ಕೊಟ್ಟಳು. ಶಿವಮ್ಮ ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟೇ ಸಣ್ಣ ಮಾತೇನ್ರಿ ಅದು?" ಎಂದು ಕೇಳಿದಳು.

ಜೂನಿನ ಮಿರಗದ ಮಳೆ ಬಂತು, ಹೋಯಿತು. ನಾಲಾ ಪಟ್ಟೆಯವರೆಗೆ ಏರಲಿಲ್ಲ. ಸೆಪ್ಟೆಂಬರಿನಲ್ಲಿ ಉತ್ತರಿ ಮಳೆ ಮೂರು ದಿನ ಬಿಡದೆ ಹಿಡಿಯಿತು. ನಾಲ್ಕನೆಯ ದಿನ ಮಧ್ಯಾಹ್ನ ಮೇಲಿನ ಸಾಹೇಬರ ಫೋನು: "ನಿನ್ನ ಪೂಲು ಹ್ಯಾಂಗದ ನೋಡಿ ಒಂದು ಫೋಟೋ ಕಳಸು." ನಾನು ಬೈಕಿನ ಮೇಲೆ ಹೊರಟೆ. ಭುಜಕ್ಕೆ ಅಡ್ಡಲಾಗಿ ರೆಕ್ಸಿನ್ ಚೀಲ, ಅದರೊಳಗೆ ನನ್ನ ಸಹಿಯ ಪ್ರತಿ, ಕೈಯಲ್ಲಿ ಕೊಡೆ.

ನಾಲಾ ದಂಡೆಗೆ ಮುಟ್ಟಿದಾಗ ಮಳೆ ಸಣ್ಣಗಾಗಿತ್ತು. ನೀರು ಕೆಂಪಗೆ, ದಪ್ಪಗೆ, ಪಟ್ಟೆಗಿಂತ ಒಂದು ಗೇಣು ಮೇಲೆ ಹರಿಯುತ್ತಿತ್ತು. ತೊಗರಿ ಕಟ್ಟಿಗೆ, ಕಬ್ಬಿನ ಒಣಗರಿಯ ರವದಿ, ಯಾರದೋ ಹಿತ್ತಲಿನ ಬೇಲಿ, ಎಲ್ಲ ಬರುತ್ತಿತ್ತು. ರಸ್ತೆ ಕಡೆಯ ದಂಡೆಯಲ್ಲಿ ಶಿವಮ್ಮ ಕಂಬಳಿ ಹೊದ್ದು ಕುಳಿತಿದ್ದಳು. ಹಿಂದೆ ಆಕೆಯ ನಲವತ್ತು ಕುರಿ ಒತ್ತೊತ್ತಾಗಿ ನಿಂತಿದ್ದವು. ಪೂಲಿನ ಬಾಯಿಗೆ ಮುಳ್ಳು ಅಡ್ಡ ಇತ್ತು.

"ಎಷ್ಟೊತ್ತಾಯ್ತವ್ವಾ?"

"ಮುಂಜಾನಿಂದ್ರಿ. ಇಳೀಲಿ ಅಂತ ಕುಂತೀನಿ."

ಪೂಲು ಅಲುಗದೆ ನಿಂತಿತ್ತು. ನನ್ನ ಆರು ಬೋಲ್ಟುಗಳ ಬೆಳ್ಳಿ ಬಣ್ಣ ಮಳೆಯಲ್ಲಿ ತೊಳೆದಂತೆ ಹೊಳೆಯುತ್ತಿತ್ತು. ಅವನ್ನು ಕಂಡು ನನ್ನ ಬುದ್ಧಿ ಪೂರ್ತಿ ಹೋಯಿತು ಎಂದೇ ಹೇಳಬೇಕು. ನಡುವೆ ನಿಂತು, ಕೆಳಗಿನ ನೀರೂ ಮೇಲಿನ ಹಲಗೆಯೂ ಒಟ್ಟಿಗೆ ಕಾಣುವಂತೆ ಫೋಟೋ ತೆಗೆಯಬೇಕೆನಿಸಿತು. ಮುಳ್ಳಿನ ಕೊಂಬೆಗೆ ಕೈ ಹಾಕಿದೆ.

"ಸಾಹೇಬ್ರ, ಅದಕ್ಕ ಕೈ ಹಚ್ಚಬ್ಯಾಡ್ರಿ."

"ಇದು ನಾ ಸಹಿ ಮಾಡಿದ ಪೂಲವ್ವಾ. ಇಷ್ಟು ದಪ್ಪ ಬೋಲ್ಟ್ ಹಾಕಿದ ಮ್ಯಾಲ ಮುಳ್ಳು ಯಾಕ?"

ಕೊಂಬೆಯನ್ನು ಎಳೆದು ಪಕ್ಕಕ್ಕೆ ಒಗೆದೆ. ಎಂಟು ಹೆಜ್ಜೆ ಒಳಗೆ ನಡೆದೆ. ಎಣಿಸಿದ್ದೇನೆ, ಎಂಟೇ. ಆಚೆ ದಂಡೆಯಲ್ಲಿ ಮಸ್ತಾನ್ ಸಾಬ್ ಎರಡೂ ಕೈ ಮೇಲೆತ್ತಿ ಬೀಸುತ್ತ ಏನೋ ಕೂಗುತ್ತಿದ್ದ. ನೀರಿನ ಸದ್ದಿಗೆ ಕೇಳಿಸಲಿಲ್ಲ. ನನ್ನನ್ನು ಕಂಡು ಸಂತೋಷಪಡುತ್ತಿದ್ದಾನೆ ಎಂದು ನಾನೂ ಕೊಡೆಯೆತ್ತಿ ಬೀಸಿದೆ. ಆಮೇಲೆ ಫೋಟೋ ತೆಗೆದು, ಅಲ್ಲಿಂದಲೇ ಸಾಹೇಬರಿಗೆ ಕಳಿಸಿದೆ.

ಹಿಂದೆ ಗಂಟೆಯ ಸದ್ದು ಕೇಳಿತು. ತಿರುಗಿ ನೋಡಿದರೆ ಮುಂದಾಳು ಟಗರು ಹಲಗೆಯ ಮೇಲೆ ಎರಡು ಕಾಲಿಟ್ಟಿತ್ತು. ಅದರ ಹಿಂದೆ ಇಡೀ ಹಿಂಡು ಎದ್ದಿತ್ತು. ಮುಳ್ಳು ತೆಗೆದರೆ ದಾಟಬೇಕು ಎಂದು ಅವಕ್ಕೆ ಗೊತ್ತು. ಶಿವಮ್ಮ ಬೇಸಿಗೆಯಲ್ಲೇ ನನಗೆ ಹೇಳಿದ್ದಳು. ಆಕೆ ಕಂಬಳಿ ಎಸೆದು ಓಡಿ ಬಂದು ಪೂಲಿನ ಬಾಯಿಗೆ ಅಡ್ಡ ನಿಂತು, ಟಗರನ್ನು ಎದೆಯಿಂದ ನೂಕಿ, ದೋಟಿಯಿಂದ ನೆಲ ಬಡಿಯುತ್ತ ಹಿಂಡನ್ನು ತಿರುಗಿಸಿದಳು. ನಾನು ನೋಡುತ್ತ ನಿಂತಿದ್ದೆ. ಇನ್ನೂ ನನಗೆ ಭಯವಾಗಿರಲಿಲ್ಲ. ಕುರಿ ಅಡ್ಡ ಬಂದರೆ ಇನ್ನೊಂದು ಫೋಟೋ ಕೆಡುತ್ತದೆ ಎಂದಷ್ಟೇ ಯೋಚನೆ.

ಆಗ ಬೇರು ಸಮೇತ ಒಂದು ಜಾಲಿಮರ ಬಂದು ಹೊಡೆಯಿತು. ಹಲಗೆ ಕಾಲಡಿ ಒಮ್ಮೆ ನಡುಗಿತು. ಮರ ಸಿಕ್ಕಿಕೊಂಡಿತು, ಅದರ ಹಿಂದೆ ರವದಿ ಬಂದು ಒಟ್ಟಿಕೊಂಡಿತು, ನೀರು ಮೇಲ್ಗಡೆ ಏರುವುದು ಕಣ್ಣಿಗೇ ಕಂಡಿತು. ಬಿಗಿದ ತುದಿಯಿಂದ 'ಟಪ್' ಎಂದು ಸದ್ದು ಬಂತು. ಮತ್ತೊಂದು ಟಪ್. ಪೆನ್ನಿನಿಂದ ತಟ್ಟಿದಾಗ ಕೇಳಿದ್ದ ಸದ್ದೇ ಅದು, ಸ್ವಲ್ಪ ದೊಡ್ಡದು. ಕಬ್ಬಿಣ ಹಾಗೆ ಮುರಿಯುವುದಿಲ್ಲ ಎಂದು ನನ್ನ ತಲೆ ಹೇಳಿತು. ಕಾಲು ತಲೆಯನ್ನು ಕಾಯದೆ ಓಡಿತು.

ಆರು ಹೆಜ್ಜೆ ಓಡಿದಾಗ ಪೂಲಿನ ತುದಿಗೂ ಕಟ್ಟೆಗೂ ನಡುವೆ ಒಂದು ಮೊಳ ಅಂತರ ಬಿದ್ದಿತ್ತು. ಅದು ಅಗಲವಾಗುತ್ತಿತ್ತು. ನಾನು ನಿಂತುಬಿಟ್ಟೆ. ಆ ಕ್ಷಣದಲ್ಲಿ ಏನು ಯೋಚಿಸಿದೆ ಎಂದು ಆಮೇಲೆ ಹಲವರು ಕೇಳಿದ್ದಾರೆ. ಏನೂ ಇಲ್ಲ. ಕೊಡೆಯನ್ನು ಮಡಚಲು ನೋಡುತ್ತಿದ್ದೆ.

ಶಿವಮ್ಮನ ದೋಟಿಯ ಕೊಕ್ಕೆ ನನ್ನ ಚೀಲದ ಪಟ್ಟಿಗೆ ಬಿತ್ತು. ಆಕೆ ಹಿಂದಕ್ಕೆ ಬಾಗಿ ಎಳೆದಳು. ನಾನು ಹಾರಿದೆನೋ ಎಳೆಸಿಕೊಂಡೆನೋ ಹೇಳಲಾರೆ. ಬಂದು ಬಿದ್ದದ್ದು ಮಾತ್ರ ಗೊತ್ತು: ನಾನೇ ಎಳೆದು ಪಕ್ಕಕ್ಕೆ ಒಗೆದಿದ್ದ ಮುಳ್ಳಿನ ಕೊಂಬೆಯ ಮೇಲೆ.

ಅಲ್ಲಿಂದ, ಅಂಗಾತ ಬಿದ್ದ ಜಾಗದಿಂದಲೇ, ಉಳಿದದ್ದನ್ನು ನೋಡಿದೆ. ಪೂಲು ಮುರಿಯಲಿಲ್ಲ. ಸಡಿಲಾದ ತುದಿ ನೀರಿಗೆ ಇಳಿಯಿತು, ಅಲಂಕಾರದ ನಾಲ್ಕು ಡ್ರಮ್ಮುಗಳು ಅದನ್ನು ಮುಳುಗಲು ಬಿಡದೆ ಎತ್ತಿ ಹಿಡಿದವು. ಇಡೀ ಪೂಲು ಆಚೆ ದಂಡೆಯ ಅಚ್ಚಿನ ಸುತ್ತ ಹಟ್ಟಿಯ ಗೇಟಿನಂತೆ ತಿರುಗಿ, ನಾಲಾದ ಹರಿವಿನ ದಿಕ್ಕಿಗೆ ಹೋಗಿ, ಊರ ಕಡೆಯ ದಂಡೆಗೆ ಮಗ್ಗುಲು ಹಚ್ಚಿ ಮಲಗಿತು. ತೆರೆದ ಜಾಗದಲ್ಲಿ ಮರ, ರವದಿ, ಬೇಲಿ ಎಲ್ಲ ಹಾದು ಹೋದವು. ಏರಿದ್ದ ನೀರು ಇಳಿಯಿತು. ಕೆಂಪು ಕಲ್ಲಿನ ಕಟ್ಟೆಯ ಒಂದು ಕಲ್ಲೂ ಕದಲಿರಲಿಲ್ಲ. ಒಟ್ಟು ಐದು ನಿಮಿಷ ಆಗಿರಲಾರದು.

ನನ್ನ ಒಂದು ಬೂಟು, ಕೊಡೆ ಹೋಗಿದ್ದವು. ಬೆನ್ನಲ್ಲಿ ಮುಳ್ಳು. ಶಿವಮ್ಮ ನನ್ನನ್ನು ಕೂಡಿಸಿ, ಒಂದೊಂದೇ ಮುಳ್ಳು ಕೀಳುತ್ತ ಅಂದಳು: "ಕುರಿ ಹೇಳಿದ್ರ ತಿರಗತಾವ್ರಿ. ನಿಮ್ಮನ್ನೇ ಎಳೀಬೇಕಾಯ್ತು."

ಇನ್ನೊಂದು ಮುಳ್ಳು ಕಿತ್ತು ಒಗೆದಳು. ಆಮೇಲೆ, "ಅವರಿಗಿ ದೋಟಿ ಮುಟ್ಟಲಿಲ್ರಿ," ಅಂದಳು. ಆ ನೀರಿನಲ್ಲಿ ಹೋದ ಗಂಡನ ಮಾತು ಅದು.

ಏಳುವಾಗ ಕಟ್ಟೆಯ ಮೇಲೆ ಸಿಡಿದು ಬಿದ್ದಿದ್ದ ಒಂದು ಬೋಲ್ಟಿನ ತುಂಡು ಕಂಡಿತು. ಹೊರಗೆ ಬೆಳ್ಳಿ ಬಣ್ಣ, ಒಳಗೆ ಕೆಂಪು. ಜಾಲಿ ಕಟ್ಟಿಗೆ. ಮಸ್ತಾನ್ ತಲೆಗೆ ಆರು ಮೂಲೆ ಕೂಡ ಕೆತ್ತಿದ್ದ.

ಮರುದಿನ ಹೋದಾಗ ನೀರು ಇಳಿದಿತ್ತು. ಊರವರು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಪೂಲನ್ನು ಮೊದಲಿನ ಜಾಗಕ್ಕೆ ಎಳೆಯುತ್ತಿದ್ದರು. ಮಸ್ತಾನ್ ಸಾಬನ ಪಕ್ಕದ ಚೀಲದಲ್ಲಿ ಹೊಸ ಆರು ಕಟ್ಟಿಗೆಯ ಗೂಟ ಸಿದ್ಧವಾಗಿದ್ದವು, ಬಣ್ಣ ಬಳಿದು. ನಾನು ಮುರಿದ ತುಂಡನ್ನು ತೋರಿಸಿದೆ. ಅವನು ಮುಚ್ಚಿಡಲಿಲ್ಲ.

"ನಿಮ್ಮ ಮಾತೂ ಉಳೀಬೇಕು, ಪೂಲೂ ಉಳೀಬೇಕು ಅಂತ ಮಾಡೀನ್ರಿ ಸಾಹೇಬ್ರ."

"ನಿನ್ನ ಕಟ್ಟಿಗೀ ಮ್ಯಾಲ ನಾ ನಿಂತಿದ್ದೆ ಮಸ್ತಾನ್."

"ಮುಳ್ಳು ತೆಗದು ನಿಂತಿದ್ರಿ." ಅವನು ಗೂಟವನ್ನು ತೂತಿಗೆ ಇಟ್ಟು ನೋಡಿದ. "ಕಬ್ಬಿಣ ಹಾಕಿದ್ರ ಅದು ಹಿಡೀತಿತ್ತು. ನೀರು ಕಟ್ಟೀ ಹಿಂದಿನ ಮಣ್ಣು ಕೊಯ್ಯತಿತ್ತು. ಆ ಮಣ್ಣಿನ ಮ್ಯಾಲೇ ಶಿವಮ್ಮಕ್ಕ ಮುಂಜಾನಿಂದ ಕುಂತಿದ್ಳು."

ನಾನು ಸಿಟ್ಟು ಮಾಡಲು ಬಂದಿದ್ದೆ. ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಟ್ರ್ಯಾಕ್ಟರಿನ ಹಗ್ಗ ಹಿಡಿದು ಎಳೆಯಲು ನಿಂತೆ.

ಕಚೇರಿಯಲ್ಲಿ ಫೋಟೋ ಮೊದಲೇ ತಲುಪಿತ್ತು. ಅದರಲ್ಲಿ ಪೂಲು ನೆಟ್ಟಗೆ ಇದೆ, ಆಚೆ ದಂಡೆಯಲ್ಲಿ ಒಬ್ಬ ಕೈಯೆತ್ತಿ ನಿಂತಿದ್ದಾನೆ. ಮೇಲಿನ ಸಾಹೇಬರು, "ಯಾರಪ ಇವ, ಇಷ್ಟು ಖುಷಿಯಾಗ್ಯಾನ?" ಎಂದು ಕೇಳಿದರು. ಆಮೇಲೆ ಸುದ್ದಿಯೂ ತಲುಪಿತು. ಪೂಲು ಕಿತ್ತುಹೋಗಿ ಮತ್ತೆ ಕೂತಿದೆ ಎಂದ ಮೇಲೆ ಆ ಕೊನೆಯ ಕಾಲಮನ್ನು ಹೊಸದಾಗಿ ತುಂಬಬೇಕಾಯಿತು.

ಬೋಲ್ಟು ಮುರಿದವು ಎಂದು ಬರೆದರೆ ಸಾಮಾನು ಕಚ್ಚಾ, ತೆಗೆಯಬೇಕು. ಬೋಲ್ಟಿನ ಬದಲು ಕಟ್ಟಿಗೆ ಹಾಕಿದ್ದರು ಎಂದು ಬರೆದರೆ ಮೋಸ. ತೆಗೆಯಬೇಕು, ಮಸ್ತಾನನ ಮೇಲೆ ಕ್ರಮವೂ ಆಗಬೇಕು. ಎರಡು ದಿನ ಖಾಲಿ ಹಾಳೆಯ ಮುಂದೆ ಕುಳಿತೆ. ನನ್ನ ಹೆಸರು ಉಳಿಸಿಕೊಳ್ಳುವ ದಾರಿಗಳು ನಾಲ್ಕೈದು ಹೊಳೆದವು. ಎಲ್ಲವೂ ಶಿವಮ್ಮನನ್ನು ನೀರಿಗೇ ಇಳಿಸುತ್ತಿದ್ದವು.

ಮೂರನೆಯ ದಿನ ನಕಾಶೆ ಬರೆದೆ. ಒಂದು ತುದಿ ತಿರುಗುವಂತೆ ಅಚ್ಚು ಮತ್ತು ಬಳೆ. ಡ್ರಮ್ಮು ನಾಲ್ಕು, ತೇಲಿಸುವುದಕ್ಕೆ. ಇನ್ನೊಂದು ತುದಿಗೆ ಜಾಲಿ ಗೂಟ ಆರು. ನೀರಿನ ಒತ್ತಡ ಮಿತಿ ಮೀರಿದಾಗ ಮುರಿಯತಕ್ಕದ್ದು. ಪ್ರತಿ ವರ್ಷ ಮಿರಗಕ್ಕೆ ಮೊದಲು ಬದಲಿಸತಕ್ಕದ್ದು. ಪಟ್ಟೆಯ ಎತ್ತರ. ದಾರಿಗೆ ಅಡ್ಡ ಮುಳ್ಳಿನ ತಡೆ. ಕೆಳಗೆ ಟಿಪ್ಪಣಿ: 'ಕಬ್ಬಿಣದ ಬೋಲ್ಟು ಹಾಕಲು ಹೇಳಿದ್ದು ಕೆಳಗೆ ಸಹಿ ಮಾಡಿದವನ ತಪ್ಪು. ಮುಳ್ಳು ತೆಗೆದದ್ದೂ ಅವನೇ.' ಹೀಗೆ ಮಸ್ತಾನನ ಗೂಟಗಳು ನನ್ನ ಸಹಿಯ ಕೆಳಗೆ ಬಂದವು.

ಸಾಹೇಬರು ಎರಡು ಸಲ ಓದಿದರು. "ಮುರಿಯಾಕಂತೇ ಮಾಡಿದ್ದು ಅಂತ ಸಹಿ ಹಾಕ್ತಿಯೇನಪ? ಮೂವತ್ತು ವರ್ಷದಾಗ ಇಂಥಾದ್ದು ನೋಡಿಲ್ಲ." ಮರುವಾರ ತಾವೇ ಬಂದು ಹಲಗೆಯ ಮೇಲೆ ನಿಂತು ಹಿಮ್ಮಡಿಯಿಂದ ಮೂರು ಸಲ ಕುಟ್ಟಿದರು. ಬಳೆ ತಿರುಗಿಸಿ ನೋಡಿದರು. ಡ್ರಮ್ಮುಗಳನ್ನು ಬಹಳ ಹೊತ್ತು ನೋಡಿ, "ಎಲ್ಲೋ ನೋಡಿದಂಗ ಅದ," ಅಂದರು. ಮಸ್ತಾನ್ ಸಾಬ್ ನಾಲಾದ ಕಡೆ ನೋಡುತ್ತ ನಿಂತ. ಕೊನೆಗೆ ಸಾಹೇಬರು ನನ್ನ ನಕಾಶೆಯ ಮೇಲೆ ಬೆರಳಿಟ್ಟು, "ಎಲ್ಲದಕ್ಕೂ ಅಳತಿ ಹಾಕೀದಿ. ಈ ಮುಳ್ಳಿನ ಸೈಜ್ ಯಾಕ ಹಾಕಿಲ್ಲ?" ಎಂದು ಕೇಳಿದರು. ಅಲ್ಲೇ ಟೇಪು ಹಿಡಿದು ಅಳೆದೆ. ನಾಲ್ಕೂವರೆ ಅಡಿ. ಬರೆದೆ. ಅವರು ಸಹಿ ಮಾಡಿದರು. ಇಡಬಹುದು.

ಹೊಸಬರಿಗೆ ಹೇಳುವುದೇನಾದರೂ ಇದ್ದರೆ ಇಷ್ಟು: ಸುತ್ತಿಗೆ ಮರೆಯಬೇಡಿ. ಯಾವುದಾದರೂ ಸಡಿಲ ಕಂಡರೆ, ಬಿಗಿಯುವ ಮೊದಲು ಸಡಿಲ ಬಿಟ್ಟವನನ್ನು ಎರಡು ಸಲ ಕೇಳಿ; ಮೊದಲ ಸಲ ಅವನು ನಿಮಗೆ ಹೆದರಿ ಹೇಳುವುದಿಲ್ಲ.

ನನ್ನ ನಿವೃತ್ತಿಯ ದಿನ ಕಚೇರಿಯಲ್ಲಿ ಶಾಲು, ಹಾರ, ಭಾಷಣ ಎಲ್ಲ ಆಯಿತು. ಕೊನೆಗೆ ಮಸ್ತಾನ್ ಸಾಬ್ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಭಾರದ ಪೊಟ್ಟಣವನ್ನು ನನ್ನ ಕೈಗಿಟ್ಟ. ಬಿಚ್ಚಿದೆ. ಮೊಳದುದ್ದದ ಒಂದು ಬೋಲ್ಟು, ಅಂಗಡಿಯ ಗ್ರೀಸು ಇನ್ನೂ ಹಾಗೇ ಇತ್ತು.

"ನಿಮ್ಮ ಸಾಮಾನ್ರಿ ಸಾಹೇಬ್ರ."

"ಉಳಿದ ಐದು ಎಲ್ಲಿ?"

"ಶಿವಮ್ಮಕ್ಕನ ಹಟ್ಟಿ ಗೇಟಿಗಿ ಹಾಕೀನ್ರಿ. ತ್ವಾಳ ಬರ್ತಾವಲ್ಲ, ಅದು ಬಿಗಿ ಇರಬೇಕಾಗ್ತದ."

ಆ ಬೋಲ್ಟು ಈಗ ನಮ್ಮ ಮನೆಯ ಪಡಸಾಲೆಯ ಬಾಗಿಲು ಗಾಳಿಗೆ ಬಡಿಯದಂತೆ ತಡೆದು ಕುಳಿತಿದೆ. ಉತ್ತರಿ ಮಳೆ ಜೋರು ಹಿಡಿದರೆ ನನಗೆ ಮನೆಯಲ್ಲಿ ಕೂರಲಾಗುವುದಿಲ್ಲ. ಹೋಗಬೇಡಿ ಎಂದು ಹೆಂಡತಿ ಮೊದಲೇ ಬಾಗಿಲಲ್ಲಿ ನಿಂತಿರುತ್ತಾಳೆ. ಚಿಂಚವಾಡಿಗೆ ಫೋನು ಮಾಡುತ್ತೇನೆ.

"ಮಸ್ತಾನ್, ಮುಳ್ಳು ಹಾಕ್ಯಾರೇನು?"

"ಹಾಕ್ಯಾರ್ರಿ. ಶಿವಮ್ಮಕ್ಕ ಈ ಕಡೀನೇ ಅದಾಳ."

"ಪೂಲು ಹ್ಯಾಂಗದ?"

"ಹೋಗ್ಯಾದ್ರಿ ಸಾಹೇಬ್ರ."

"ಛಲೋ ಆಯ್ತು," ಎಂದು ಫೋನು ಇಡುತ್ತೇನೆ.